ಹಿಮಬಂದರು ಸುಟ್ಟುಹೋಗಿಲ್ಲ

ಶಟರ್ ಇಳಿಯುವ ಸದ್ದು ಕೇಳಿ ವೀಬ್ಕೆ ಲಾರ್ಮಾನ್ ಗೋದಾಮಿನ ಆ ತುದಿಯಿಂದ ಓಡಿ ಬಂದಳು. ಬರುವಷ್ಟರಲ್ಲಿ ನೆಲದ ಮೇಲೆ ಬಿದ್ದಿದ್ದ ಹಗಲಿನ ಬೆಳಕು ಒಂದು ಗೆರೆಯಾಯಿತು. ಆಮೇಲೆ ಆ ಗೆರೆಯೂ ಉಳಿಯಲಿಲ್ಲ.

ಎರಡೂ ಕೈಯಲ್ಲಿ ಕಬ್ಬಿಣ ಬಡಿದಳು. ಅದೇ ಹೊತ್ತಿಗೆ ಹೊರಗೆ ವುಪ್ಪರ್ ನದಿಯ ಮೇಲೆ, ಹಳಿಗೆ ಜೋತುಬಿದ್ದು ಓಡುವ ತೂಗುರೈಲು ಕಿರುಗುಟ್ಟುತ್ತಾ ಹಾದುಹೋಯಿತು. ರೈಲು ದಾಟಿದ ಮೇಲೆ ಮತ್ತೆ ಬಡಿದಳು, ಕೂಗಿದಳು. ಆಚೆ ಯಾರೂ ಓಗೊಡಲಿಲ್ಲ.

“ಗಾಳಿಗೆ ಬಿದ್ದಿರಬೇಕು ಬಿಡಿ,” ಎಂದ ಓಸ್ಟ್‌ಕಾಂಪ್ ಹಿಂದಿನಿಂದ. “ಹಳೇ ಶಟರ್.”

“ಗಾಳಿಗೆ ಬಿದ್ದಿದ್ರೆ ದಢಾರ್ ಅಂತಿತ್ತು, ಹೆರ್ ಓಸ್ಟ್‌ಕಾಂಪ್. ಇದು ಮೋಟಾರಿನಲ್ಲಿ ನಿಧಾನಕ್ಕೆ ಇಳೀತು. ಯಾರೋ ಇಳಿಸಿದ್ದು.”

ಡೀಟ್‌ಹೆಲ್ಮ್ ಓಸ್ಟ್‌ಕಾಂಪ್ ಈ ಗೋದಾಮಿನ ಒಡೆಯ. ಅರವತ್ತರ ಅಂಚಿನ ಆಸಾಮಿ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬೂದು ಸ್ವೆಟರ್, ಯಾರಿಗೂ ನೋವಾಗದಂಥ ಮೆತ್ತನೆಯ ದನಿ. ಬೋರ್ಡ್ ಗೇಮ್ ಆಡುವವರ ಲೋಕದಲ್ಲಿ ಮೊದಲ ದಿನವೇ ಏಕವಚನ ನಡೆಯುತ್ತದೆ. ಓಸ್ಟ್‌ಕಾಂಪ್ ಮಾತ್ರ ಎದುರಿಗಿದ್ದವರಿಗೆ ಬಹುವಚನವನ್ನಾಗಲಿ, ಹೆಸರಿನ ಮೊದಲು ‘ಹೆರ್’, ‘ಫ್ರೌ’ ಎಂಬ ಶ್ರೀ-ಶ್ರೀಮತಿಯನ್ನಾಗಲಿ ಬಿಟ್ಟವನಲ್ಲ. ಅವನ ಹೆಸರಿನ ಆಟದ ಕಂಪನಿಯಿಂದ ಹೊರಬಂದ ಪೆಟ್ಟಿಗೆಗಳು ಈ ಊರಿನ ಅರ್ಧ ಮನೆಗಳ ಕಪಾಟಿನಲ್ಲಿವೆ.

“ಸ್ವಿಚ್ ಎಲ್ಲಿದೆ?”

“ಹೊರಗಡೆ. ಕೀಲಿ ತಿರುಗಿಸಿದ್ರೆ ಮೇಲೆ ಹೋಗುತ್ತೆ.” ಸೊಂಟದ ಗೊಂಚಲಿನಿಂದ ಒಂದು ಗಿಡ್ಡ ಕೀಲಿ ಎತ್ತಿ ತೋರಿಸಿದ. “ಕೀಲಿ ಇದೇ. ಆದ್ರೆ ಒಳಗಿಂದ ಇದಕ್ಕೆ ಕೆಲಸ ಇಲ್ಲ.”

ಬಾಗಿಲಿನ ಕೀಲಿ ಕೈಯಲ್ಲೇ ಇದ್ದು ಒಳಗೆ ಸಿಕ್ಕಿಹಾಕಿಕೊಳ್ಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ ಎಂದುಕೊಂಡಳು ವೀಬ್ಕೆ. ಮೊಬೈಲ್ ತೆಗೆದು ನೋಡಿದಳು. ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಹಿಂದೆ ರಿಬ್ಬನ್ ನೇಯುತ್ತಿದ್ದ ಮಿಲ್ಲು ಇದು. ಗೋಡೆಗಳು ಮೊಳದಷ್ಟು ದಪ್ಪ, ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿ ಮುಚ್ಚಿದ್ದರು.

“ಬೇರೆ ದಾರಿ?”

“ಹಿಂದಿನ ಗೋಡೆಯಲ್ಲಿ ಕಲ್ಲಿದ್ದಲು ಸುರೀತಿದ್ದ ಕಿಂಡಿ ಒಂದಿದೆ. ಬೆಕ್ಕು ತೂರಬಹುದು, ನಾವಲ್ಲ. ಅದೂ ಅಲ್ದೆ ಅದರ ಮುಂದೆ ಸೂರಿನ ತನಕ ಪೆಟ್ಟಿಗೆ ಪೇರಿಸಿದ್ದೀವಿ.” ಅವನು ಒಂದು ಡಬ್ಬದ ಮೇಲೆ ಕೈವಸ್ತ್ರ ಹಾಸಿ ಕುಳಿತ. “ನಾಳೆ ಬೆಳಗ್ಗೆ ಲಾರಿ ಬರುತ್ತೆ, ಫ್ರೌ ಲಾರ್ಮಾನ್. ಇನ್ನು ಸ್ವಲ್ಪ ತಾಳ್ಮೆ ಇರಲಿ.”

ಆ ಮಾತಿಗೆ ವೀಬ್ಕೆಯ ಮೈಯೆಲ್ಲ ಉರಿದುಹೋಯಿತು.

ನಾಲ್ಕು ವರ್ಷದಿಂದ ಕೇಳುತ್ತಿದ್ದ ಮಾತು ಅದು. ಗೇರೋ ವಿಟ್ಟೆ ರೂಪಿಸಿದ ‘ಹಿಮಬಂದರು’ ಆಟಕ್ಕೆ ಮುಂಗಡ ಕೊಟ್ಟು ಕಾದವರಲ್ಲಿ ಅವಳೂ ಒಬ್ಬಳು. ಮೊದಲು ಕಾಗದ ಸಿಗುತ್ತಿಲ್ಲ ಎಂದರು. ಆಮೇಲೆ ನೀಲಿ ಬಣ್ಣ ಸರಿ ಬಂದಿಲ್ಲ. ಆಮೇಲೆ ಹಡಗು ಸಿಕ್ಕಿಹಾಕಿಕೊಂಡಿದೆ. ಈ ಬೇಸಿಗೆಯಲ್ಲಂತೂ, ಅಚ್ಚಾದ ಪೆಟ್ಟಿಗೆಗಳೆಲ್ಲ ಯಾವುದೋ ಬಂದರಿನ ಗೋದಾಮಿನಲ್ಲಿ ಸುಟ್ಟುಹೋದವು. ಮತ್ತೆ ಅಚ್ಚು ಹಾಕೋಣವೆಂದರೆ ಗೇರೋ ತಿದ್ದಿದ ನಿಯಮಗಳನ್ನು ಕೊಡುತ್ತಿಲ್ಲವಂತೆ. ಪ್ರತಿ ಪ್ರಕಟಣೆಯ ಕೊನೆಗೂ ಅದೇ ಸಾಲು: ಇನ್ನು ಸ್ವಲ್ಪ ತಾಳ್ಮೆ ಇರಲಿ.

ವೀಬ್ಕೆ ಕಪಾಟಿನಲ್ಲಿ ಆ ಪೆಟ್ಟಿಗೆಗೆಂದೇ ಜಾಗ ಬಿಟ್ಟಿದ್ದಳು. ಖಾಲಿ ಜಾಗದ ಧೂಳು ಒರೆಸಿ ಒರೆಸಿ ಸಾಕಾಗಿತ್ತು. ಅವಳ ಗುರುವಾರದ ಗುಂಪಿನ ಓಟ್ಮಾರ್ ಮುದುಕ ಬಾಗಿಲಲ್ಲಿ ಕೋಟು ಬಿಚ್ಚುವ ಮೊದಲೇ “ಬಂತಾ?” ಎಂದು ಕೇಳುತ್ತಿದ್ದ. ಕಳೆದ ಚಳಿಗಾಲದಲ್ಲಿ ಅವನು ತೀರಿಹೋದ. ಅವನ ಕುರ್ಚಿಯನ್ನು ಯಾರೂ ಇನ್ನೂ ಸರಿಸಿಲ್ಲ.

ಆದರೆ ಈಗ ಅವಳು ಬಂದದ್ದು ಆಟಕ್ಕಲ್ಲ, ಆಟ ರೂಪಿಸಿದವನಿಗಾಗಿ. ಗೇರೋ ಕಾಣೆಯಾಗಿ ವಾರವಾಗಿತ್ತು. ಕಾದು ಕೆರಳಿದ ಜನ ಅವನ ಮನೆ ಬಾಗಿಲಿಗೆ ಕಸ ಸುರಿದಿದ್ದರು, ಗೋಡೆಯ ಮೇಲೆ ‘ಕಳ್ಳ’ ಎಂದು ಬರೆದಿದ್ದರು. “ಹುಡುಕಿ ಮನೆಗೆ ಕರ್ಕೊಂಡು ಬನ್ನಿ. ಅವನ ಮೇಲೆ ನಂಗೆ ಸಿಟ್ಟಿಲ್ಲ ಅಂತ ಹೇಳಿ,” ಎಂದಿದ್ದಳು ಅವನ ಹೆಂಡತಿ ಆನೆಗ್ರೆಟ್. ಪೊಲೀಸ್ ಕೆಲಸ ಬಿಟ್ಟ ಮೇಲೆ ವೀಬ್ಕೆ ಯಾರಿಗೂ ಮಾತು ಕೊಟ್ಟಿರಲಿಲ್ಲ. ಆನೆಗ್ರೆಟ್‌ಗೆ ಕೊಟ್ಟಿದ್ದಳು.

“ಬನ್ನಿ,” ಎಂದಳು ಓಸ್ಟ್‌ಕಾಂಪ್‌ಗೆ. “ಕೂತು ಏನ್ ಮಾಡೋದು. ಗೇರೋ ಕೆಲಸ ಮಾಡ್ತಿದ್ದ ಟೇಬಲ್ ಇನ್ನೊಂದ್ಸಲ ನೋಡೋಣ.”

“ಆಗ್ಲೇ ನೋಡಿದ್ರಲ್ಲ.”

“ಆಗ ಬಾಗಿಲು ತೆಗೆದಿತ್ತು. ಮನಸ್ಸು ಹೊರಗಿತ್ತು.”

ಟೇಬಲ್ ಇದ್ದದ್ದು ಗೋದಾಮಿನ ಹಿಂಭಾಗದಲ್ಲಿ, ಕಪಾಟುಗಳ ಮರೆಯಲ್ಲಿ. ಮೇಲೊಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅವರು ಬಂದಾಗಲೂ ಉರಿಯುತ್ತಲೇ ಇತ್ತು, ಶಟರ್ ಅರ್ಧ ಎತ್ತಿತ್ತು. ಗುಡಿಸುವವರು ಮರೆತಿರಬೇಕು ಎಂದಿದ್ದ ಓಸ್ಟ್‌ಕಾಂಪ್. ನೆಲದ ಮೇಲಿನ ಧೂಳು ನೋಡಿದರೆ ಇಲ್ಲಿ ಪೊರಕೆ ಆಡಿ ವರ್ಷವಾಗಿತ್ತು.

ಟೇಬಲ್ಲಿನ ಮೇಲೆ ಹಿಮಬಂದರಿನ ಮಾದರಿ ಹರಡಿತ್ತು. ಗೇರೋ ಕೈಯಾರೆ ಬಣ್ಣ ಬಳಿದ ಹಲಗೆ, ಮರದಲ್ಲಿ ಕೊರೆದ ದೋಣಿಗಳು, ಮಂಜುಗಡ್ಡೆ ಎಂದು ಇಡುವ ಆರು ಎಸಳಿನ ಮರದ ಬಿಲ್ಲೆಗಳು. ಇಬ್ಬರ ಆಟ ಅರ್ಧಕ್ಕೆ ನಿಂತಿತ್ತು. ಕುರ್ಚಿ ಮಾತ್ರ ಒಂದೇ. ಹಲಗೆಯ ಕೆಳಗೆ ತಿರುಗುವ ತಟ್ಟೆ ಇಟ್ಟಿದ್ದರಿಂದ ಕೂತಲ್ಲಿಂದಲೇ ಎರಡೂ ಕಡೆಯ ಆಟ ಆಡಬಹುದಿತ್ತು.

ಪಕ್ಕದಲ್ಲಿ ಕಾಫಿ ಬಟ್ಟಲು. ವೀಬ್ಕೆ ಬೆರಳ ಹಿಂಬದಿಯಿಂದ ಮುಟ್ಟಿದಳು. ಬೆಚ್ಚಗಿತ್ತು.

ಆ ಬಿಸಿ ಅವಳ ಎದೆಗೂ ತಾಗಿತು. ಗೇರೋ ಬದುಕಿದ್ದಾನೆ. ಇಲ್ಲೇ ಎಲ್ಲೋ ಇದ್ದಾನೆ.

“ಶಟರ್ ಕೀಲಿ ಇನ್ನೊಂದು ಯಾರ ಹತ್ರ ಇದೆ?”

“ಇನ್ನೊಂದು ಇದೆ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನಾವು ಬರೋ ಮೊದ್ಲೇ ಶಟರ್ ಎತ್ತಿತ್ತು. ನಿಮ್ಮ ಕೀಲಿ ನಿಮ್ಮ ಸೊಂಟದಲ್ಲಿತ್ತು.”

ಓಸ್ಟ್‌ಕಾಂಪ್ ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿದ. “ಗೇರೋ ಹತ್ರ ಒಂದಿದೆ.”

“ಅಂದ್ರೆ ಅವನು ಇಲ್ಲೇ ಇದ್ದ, ಅದು ನಿಮಗೂ ಗೊತ್ತಿತ್ತು.”

“ಖಂಡಿತ ಗೊತ್ತಿರ್ಲಿಲ್ಲ. ಶಟರ್ ನೋಡಿದಾಗ ಅನುಮಾನ ಬಂತು, ಅಷ್ಟೇ.”

ವೀಬ್ಕೆ ಟೇಬಲ್ಲಿನ ಅಂಚಿಗೆ ಕೈ ಊರಿದಳು. ಟೇಬಲ್ ಒಂದಿಷ್ಟು ವಾಲಿತು, ದೋಣಿಯೊಂದು ಉರುಳಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು.

ಟೇಬಲ್ಲಿನ ಒಂದು ಕಾಲು ಗಿಡ್ಡ. ಅದರ ಅಡಿಗೆ ರಟ್ಟನ್ನು ಮಡಿಸಿ ಒತ್ತು ಕೊಟ್ಟಿದ್ದರು. ಎಲ್ಲರ ಮನೆಯಲ್ಲೂ ಮಾಡುವುದೇ. ಆದರೆ ರಟ್ಟಿನ ತುಂಬ ತೂತುಗಳಿದ್ದವು.

ಆಟದವರ ಒಂದು ದುರಭ್ಯಾಸ ಉಳಿದವರಿಗೆ ಗೊತ್ತಿರುವುದಿಲ್ಲ. ಹೊಸ ಪೆಟ್ಟಿಗೆ ಬಂದಾಗ ಬಿಲ್ಲೆಗಳು ದಪ್ಪ ರಟ್ಟಿನ ಹಾಳೆಗೆ ಅಂಟಿಕೊಂಡಿರುತ್ತವೆ. ಬೆರಳಲ್ಲಿ ಒತ್ತಿ ಒಂದೊಂದಾಗಿ ಬಿಡಿಸಬೇಕು. ಅದರಲ್ಲಿರುವ ಸುಖ ಆಡುವುದರಲ್ಲೂ ಇಲ್ಲ. ಬಿಡಿಸಿದ ಮೇಲೆ ಉಳಿಯುವ ತೂತಿನ ಹಾಳೆಯಿಂದ ಯಾರಿಗೂ ಮೂರುಕಾಸಿನ ಉಪಯೋಗವಿಲ್ಲ. ಆದರೂ ಅದನ್ನು ಬಿಸಾಡಲು ಮನಸ್ಸು ಬಾರದು. ಪೆಟ್ಟಿಗೆಯ ತಳಕ್ಕೆ ತುರುಕುತ್ತಾರೆ, ಅಟ್ಟಕ್ಕೆ ಹಾಕುತ್ತಾರೆ, ಟೇಬಲ್ಲಿನ ಕಾಲಿಗೆ ಕೊಡುತ್ತಾರೆ.

ವೀಬ್ಕೆ ರಟ್ಟನ್ನು ಎಳೆದು ಬಿಚ್ಚಿದಳು. ಮೇಲಿನಿಂದ ಮರದ ಬಿಲ್ಲೆಯೊಂದನ್ನು ತೆಗೆದು ತೂತಿನ ಮೇಲಿಟ್ಟಳು. ಆರು ಎಸಳಿಗೆ ಆರು ಎಸಳು ಸರಿಯಾಗಿ ಕೂತಿತು.

“ಇದು ಯಾವ ಆಟದ್ದು, ಹೆರ್ ಓಸ್ಟ್‌ಕಾಂಪ್?”

ಅವನು ನೋಡಿದ. ನೋಡಿ ಕುರ್ಚಿಯ ಮೇಲೆ ಕುಸಿದು ಕೂತ.

“ಹಿಮಬಂದರಿನ ಬಿಲ್ಲೆ ಒಂದೂ ಉಳಿದಿಲ್ಲ, ಎಲ್ಲಾ ಸುಟ್ಟೋಯ್ತು ಅಂದ್ರಿ. ಇಲ್ಲಿಗೆ ಒಂದು ಪೆಟ್ಟಿಗೇನೂ ಬಂದಿರಲಿಲ್ಲ ಅಂತ ಊರಿಗೆಲ್ಲಾ ಹೇಳಿದ್ರಿ. ತೂತು ಎಲ್ಲಿಂದ ಬಂತು?”

“ಒಂದು ಮಾದರಿ ಹಾಳೆ ಕಳ್ಸಿದ್ರು—”

“ಬೇಡ. ನಾನು ನಾಲ್ಕು ವರ್ಷ ನಿಮ್ಮ ಮಾತು ಕೇಳಿದ್ದೀನಿ. ಇವತ್ತು ಎದ್ದು ಹೋಗೋಕೆ ನಿಮಗೂ ಬಾಗಿಲಿಲ್ಲ.”

ಅವಳು ಸುತ್ತ ನೋಡಿದಳು. ಟೇಬಲ್ಲಿನ ಹಿಂದೆ, ಗೋಡೆಗಿಂತ ಒಂದಿಷ್ಟು ಮುಂದಕ್ಕೆ, ಸೂರಿಗೆ ಕೊಂಚ ಕೆಳಗಿನ ತನಕ ಡಬ್ಬಗಳ ಸಾಲು. ಎಲ್ಲದರ ಮೇಲೂ ‘ತೋಟದ ಮೊಲ’ ಎಂಬ ಚೀಟಿ. ಮಕ್ಕಳ ಆಟ. ಯಾರೂ ಕೊಳ್ಳದೆ ಬಿದ್ದಿದೆಯೆಂದು ಬರುವಾಗಲೇ ಓಸ್ಟ್‌ಕಾಂಪ್ ಪೇಚಾಡಿಕೊಂಡಿದ್ದ. ಅಷ್ಟೊಂದು ಮೊಲಗಳನ್ನು ಅಚ್ಚು ಹಾಕಿಸುವ ದಡ್ಡ ಅವನಲ್ಲ.

ಟೇಬಲ್ಲಿನಿಂದ ಚಾಕು ತೆಗೆದುಕೊಂಡು ಕೈಗೆಟುಕಿದ ಡಬ್ಬದ ಬಾಯಿ ಸೀಳಿದಳು.

ಕಡು ನೀಲಿ ಪೆಟ್ಟಿಗೆ. ಮುಚ್ಚಳದ ಮೇಲೆ ಹಿಮದಲ್ಲಿ ಹೂತ ದೀಪಸ್ತಂಭ. ತೆಳು ಪ್ಲಾಸ್ಟಿಕ್ಕು ಇನ್ನೂ ಬಿಗಿಯಾಗಿ ಮೈಗೆ ಅಂಟಿಕೊಂಡಿತ್ತು. ವೀಬ್ಕೆ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಗೋದಾಮಿನಲ್ಲಿ ಬಂದಿಯಾಗಿರುವ ಹೊತ್ತಿನಲ್ಲೂ, ನಾಚಿಕೆಗೆಟ್ಟ ಬೆರಳುಗಳು ಪ್ಲಾಸ್ಟಿಕ್ಕಿನ ಅಂಚು ಹುಡುಕುತ್ತಿದ್ದವು. ಓಟ್ಮಾರನ ನೆನಪಾಯಿತು. ಅವಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

“ಯಾವಾಗ ಬಂತು ಇದು?”

“ಎರಡು ವರ್ಷದ ಹಿಂದೆ.” ದನಿ ಇನ್ನೂ ಮೆತ್ತಗೇ ಇತ್ತು. “ಹೇಳಿದ ಟೈಮಿಗೆ ಸ್ವಲ್ಪ ತಡವಾಗಿ ಬಂತು. ಅಷ್ಟೇನೂ ತಡ ಅಲ್ಲ.”

“ಮತ್ತೆ ಯಾಕೆ ಹಂಚಲಿಲ್ಲ?”

“ಆಟದಲ್ಲಿ ತಪ್ಪಿದೆ. ಮೊದಲು ದೋಣಿ ಬಿಟ್ಟವನೇ ಗೆಲ್ತಾನೆ. ಯಾವಾಗಲೂ.”

“ಅಚ್ಚಿಗೆ ಹೋಗೋ ಮೊದಲು ವರ್ಷಗಟ್ಟಲೆ ಆಡಿ ನೋಡ್ತೀರಲ್ಲ. ಯಾರಿಗೂ ಗೊತ್ತಾಗಲಿಲ್ವಾ?”

ಓಸ್ಟ್‌ಕಾಂಪ್ ಮುಖದಲ್ಲಿ ಮೊದಲ ಸಲ ಏನೋ ಅಲುಗಿತು. “ಯಾರು ಮೊದಲು ಆಡಬೇಕು ಅನ್ನೋದಕ್ಕೆ ಗೇರೋ ಒಂದು ತಮಾಷೆ ನಿಯಮ ಇಟ್ಟಿದ್ದ. ಕೊನೇ ಸಲ ತಣ್ಣೀರಲ್ಲಿ ಮುಳುಗಿದವರೇ ಶುರು ಮಾಡ್ಬೇಕು ಅಂತ. ನಾನು ದಿನಾ ಬೆಳಗ್ಗೆ ಕೆರೆಯಲ್ಲಿ ಈಜ್ತೀನಿ, ಚಳಿಗಾಲದಲ್ಲೂ. ಹಾಗಾಗಿ ಯಾವಾಗಲೂ ನಾನೇ ಶುರು ಮಾಡ್ತಿದ್ದೆ. ಯಾವಾಗಲೂ ನಾನೇ ಗೆಲ್ತಿದ್ದೆ.”

“ಯಾರಿಗೂ ಅನುಮಾನ ಬರ್ಲಿಲ್ಲ?”

“ನಾನು ಜಾಣ ಅಂದ್ಕೊಂಡ್ರು.” ಅವನು ತಲೆ ತಗ್ಗಿಸಿದ. “ನಾನೂ ಹಾಗೇ ಅಂದ್ಕೊಂಡಿದ್ದೆ.”

ಬೇರೆ ದಿನವಾಗಿದ್ದರೆ ವೀಬ್ಕೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಇಡೀ ದೇಶದ ಆಟಗಾರರನ್ನು ಕಾಯಿಸಿದ್ದು ಈ ಮನುಷ್ಯನ ಬೆಳಗಿನ ಸ್ನಾನ.

“ಪೆಟ್ಟಿಗೆ ಬಂದ ಮೇಲೆ ಗೇರೋ ಒಂದು ತೆಗೆದು ಹೆಂಡ್ತಿ ಜೊತೆ ಆಡಿದ. ಯಾರು ಶುರು ಮಾಡಿದ್ರೂ ಅವರೇ ಗೆಲ್ತಿದ್ರು, ಆವಾಗ ಗೊತ್ತಾಯ್ತು. ಅಳುತ್ತಾ ಬಂದ. ‘ತಿದ್ತೀನಿ, ಒಂದು ತಿಂಗಳು ಕೊಡಿ’ ಅಂದ. ಕೊಟ್ಟೆ. ಮತ್ತೊಂದು ತಿಂಗಳು ಅಂದ. ಅಷ್ಟರಲ್ಲಿ ಜನಕ್ಕೆ ಏನಾದ್ರೂ ಹೇಳ್ಬೇಕಲ್ಲ?”

“ನಿಜ ಹೇಳಬಹುದಿತ್ತು.”

“ಓಸ್ಟ್‌ಕಾಂಪ್ ಕೆಟ್ಟ ಆಟ ಅಚ್ಚು ಹಾಕಿಸಿದ ಅಂತಲೇ? ನಮ್ಮ ತಂದೆಯ ಕಾಲದಿಂದ ಇರೋ ಹೆಸರು, ಫ್ರೌ ಲಾರ್ಮಾನ್.”

“ಹೆಸರು ನಿಮ್ಮದು. ಬಾಗಿಲಿಗೆ ಕಸ ಬಿದ್ದದ್ದು ಗೇರೋ ಮನೆಗೆ.”

ಅವನು ಕೀಲಿಗೊಂಚಲನ್ನು ಸೊಂಟದಿಂದ ಬಿಚ್ಚಿ ಕೈಗೆ ತೆಗೆದುಕೊಂಡ.

“ಸುಟ್ಟುಹೋಯ್ತು ಅನ್ನೋ ಕತೆ ಯಾರದು?”

“ನನ್ನದೇ. ಒಳ್ಳೇ ಕತೆ ಅದು. ಬೆಂಕಿ ಮೇಲೆ ಯಾರೂ ಸಿಟ್ಟಾಗಲ್ಲ. ಆದ್ರೆ ಮತ್ತೆ ಯಾವಾಗ ಅಚ್ಚು ಅಂತ ಜನ ಕೇಳೋಕೆ ಶುರು ಮಾಡಿದ್ರು.” ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ಹೇಳಿದ. “ಆವಾಗ ಗೇರೋ ಹೆಸರು ಹೇಳಬೇಕಾಯ್ತು.”

‘ಬೇಕಾಯ್ತು’ ಎಂಬ ಪದವನ್ನು ಅವನು ಎಷ್ಟು ಸಲೀಸಾಗಿ ಆಡಿದನೆಂದರೆ, ವೀಬ್ಕೆಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬದಲಿಗೆ ಹಲಗೆಯತ್ತ ನೋಡಿದಳು. ಅರ್ಧಕ್ಕೆ ನಿಂತ ಆಟದಲ್ಲಿ ಎರಡನೆಯವನ ಹಳದಿ ದೋಣಿಗಳು ಇನ್ನೂ ಹಿಮದಲ್ಲೇ ಸಿಕ್ಕಿಕೊಂಡಿದ್ದವು. ಎರಡು ವರ್ಷದಿಂದ ಗೇರೋ ಈ ಕುರ್ಚಿಯಲ್ಲಿ ಒಬ್ಬನೇ ಕೂತು, ತಟ್ಟೆ ತಿರುಗಿಸಿ ತಿರುಗಿಸಿ, ಹಳದಿಯನ್ನು ಗೆಲ್ಲಿಸಲು ನೋಡಿದ್ದ. ಇಂದೂ ನೋಡಿ, ಆಗದೆ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದ.

ಎಲ್ಲಿಗೆ?

“ಸೀಮೆಎಣ್ಣೆ ವಾಸನೆ ಬರ್ತಿದೆಯಲ್ಲ,” ಎಂದಳು.

“ಮಿಲ್ಲಿನ ಹಳೇ ಯಂತ್ರದ ಎಣ್ಣೆ. ನೆಲಕ್ಕೆ ಇಳಿದಿದೆ, ಹೋಗಲ್ಲ.”

ಆದರೆ ಬಂದಾಗ ಈ ವಾಸನೆ ಇರಲಿಲ್ಲ. ವೀಬ್ಕೆ ಡಬ್ಬಗಳ ಸಾಲಿಗೆ ಮೂಗು ಹತ್ತಿರ ತಂದಳು. ವಾಸನೆ ಅದರ ಹಿಂದಿನಿಂದ ಬರುತ್ತಿತ್ತು. ಹಿಂದೆ ಏನೋ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಮೇಲೆ, ಗೋಡೆಯ ಆ ಬದಿ, ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದಾಯಿತು. ಕಲ್ಲಿದ್ದಲಿನ ಕಿಂಡಿ. ಯಾರೋ ಹೊರಗಿನ ಗಲ್ಲಿಯಿಂದ ಅದರ ಮುಚ್ಚಳ ಪೂರ್ತಿ ಸರಿಸುತ್ತಿದ್ದರು. ಡಬ್ಬಗಳ ನೆತ್ತಿಯ ಮೇಲೆ ಹಗಲು ಬೆಳಕಿನ ಒಂದು ತುಂಡು ಬಿತ್ತು.

“ನೋಡಿದ್ರಾ, ಯಾರೋ ಬಂದೇಬಿಟ್ರು,” ಎಂದ ಓಸ್ಟ್‌ಕಾಂಪ್.

ಬೆಳಕಿನ ಹಿಂದೆಯೇ ಉರಿಯುವ ಬಟ್ಟೆಯೊಂದು ಒಳಗೆ ಬಂತು. ಡಬ್ಬಗಳ ಹಿಂದೆ ಕಾಣದ ಕಡೆ ಬಿತ್ತು. ಮರುಗಳಿಗೆಯಲ್ಲಿ ಅಲ್ಲಿಂದ ಭಗ್ಗೆಂಬ ಸದ್ದು.

“ನಿಲ್ಲಿಸಿ,” ವೀಬ್ಕೆ ಗಂಟಲು ಹರಿಯುವಂತೆ ಕೂಗಿದಳು. “ಒಳಗೆ ಜನ ಇದ್ದೀವಿ.”

ಕಿಂಡಿಯಾಚೆಯಿಂದ ಒಂದು ದನಿ ಬಂತು.

“ಯಾರದು? ಒಳಗೆ ಯಾರಿದ್ದೀರಿ?”

ಆ ದನಿ ಅವಳಿಗೆ ಗೊತ್ತಿತ್ತು. ಆಟದ ನಿಯಮಗಳನ್ನು ನಗುನಗುತ್ತಾ ವಿವರಿಸುವ ಅವನ ವೀಡಿಯೋಗಳನ್ನು ಕಾಯುವಾಗಿನ ಬೇಸರಕ್ಕೆ ಎಷ್ಟೋ ಸಲ ನೋಡಿದ್ದಳು. ಹುಡುಕುತ್ತಿದ್ದ ಮನುಷ್ಯ ಸಿಕ್ಕಿದ್ದ. ಗೋಡೆಯ ಆಚೆ ಕಡೆ.

“ಗೇರೋ, ನಾನು ವೀಬ್ಕೆ ಲಾರ್ಮಾನ್. ಆನೆಗ್ರೆಟ್ ಕಳಿಸಿದ್ದು ನನ್ನ. ಓಸ್ಟ್‌ಕಾಂಪ್ ಕೂಡ ಇಲ್ಲೇ ಇದ್ದಾರೆ. ಹೋಗಿ ಶಟರ್ ಎತ್ತಿ.”

“ಅಯ್ಯೋ ದೇವರೇ. ಕಾರಿರಲಿಲ್ಲ... ಕಾರಿರಲಿಲ್ಲವಲ್ಲ ಹೊರಗೆ.”

“ರೈಲಲ್ಲಿ ಬಂದ್ವಿ. ಶಟರ್ ಎತ್ತಿ, ಗೇರೋ.”

“ಶಟರ್ ನಾನೇ ಎತ್ತಿಟ್ಟು ಹೋಗಿದ್ದೆ, ಬಂದು ಇಳಿಸಿಬಿಟ್ಟೆ. ಒಳಗೆ ಪೆಟ್ಟಿಗೆ ಮಾತ್ರ ಇವೆ ಅಂದ್ಕೊಂಡೆ. ಸುಟ್ಟೋಗಿದೆ ಅಂತ ಅವನೇ ಹೇಳಿದ್ದಾನಲ್ಲ, ಅದನ್ನೇ ನಿಜ ಮಾಡೋಣ, ಇದು ಮುಗಿದುಹೋಗಲಿ ಅಂತ...” ದನಿ ಒಡೆಯಿತು. “ಕೀಲಿ ಇಲ್ಲ. ಮನಸ್ಸು ಬದಲಾಯಿಸಬಾರದು ಅಂತ ನದಿಗೆ ಎಸೆದುಬಿಟ್ಟೆ.”

ಡಬ್ಬಗಳ ಸಂದಿಯಿಂದ ಹೊಗೆ ಹೊರಬರತೊಡಗಿತು. ನೀಲಿ ಬಣ್ಣ ಸುಡುವ ಕಹಿ ವಾಸನೆ. ವೀಬ್ಕೆಯ ತಲೆ ಮಾತ್ರ ಆ ಹೊತ್ತಿನಲ್ಲಿ ತಣ್ಣಗೆ ಓಡುತ್ತಿತ್ತು. ಇನ್ನೊಂದು ಕೀಲಿ ಇತ್ತು. ಒಳಗಿಂದ ಅದಕ್ಕೆ ಕೆಲಸವಿರಲಿಲ್ಲ, ಈಗ ಹೊರಗೊಬ್ಬ ಮನುಷ್ಯನಿದ್ದ. ಡಬ್ಬಗಳ ಬಲತುದಿಗೆ ಬೆಂಕಿ ಇನ್ನೂ ಬಂದಿರಲಿಲ್ಲ. ಅಲ್ಲಿ ಹತ್ತಿ ಕಿಂಡಿಯತ್ತ ಕೈಚಾಚಿದರೆ ಸಾಕು.

“ಗೇರೋ, ಅಲ್ಲೇ ಇರಿ. ಕೀಲಿ ಕೊಡ್ತೀವಿ, ಹಿಡ್ಕೊಳ್ಳಿ.” ಅವಳು ತಿರುಗಿ ಕೈ ಚಾಚಿದಳು. “ಕೊಡಿ.”

ಓಸ್ಟ್‌ಕಾಂಪ್ ಎದ್ದು ನಿಂತಿದ್ದ. ಗಿಡ್ಡ ಕೀಲಿಯನ್ನು ಗೊಂಚಲಿನಿಂದ ಬಿಡಿಸಿಯೂ ಇದ್ದ. ಆದರೆ ಅವನು ನೋಡುತ್ತಿದ್ದದ್ದು ಅವಳನ್ನಲ್ಲ. ಮೇಲಿನ ಸಾಲಿನ ಡಬ್ಬವೊಂದು ಕಪ್ಪಾಗುತ್ತಾ ಬರುವುದನ್ನು ಕಣ್ಣು ಕೀಳದೆ ನೋಡುತ್ತಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಎಷ್ಟೋ ದಿನದ ಭಾರ ಇಳಿದ ಮನುಷ್ಯನ ಹಾಗೆ ನಿರಾಳವಾಗಿದ್ದ.

“ಹೆರ್ ಓಸ್ಟ್‌ಕಾಂಪ್. ಕೀಲಿ.”

“ಕೊಡ್ತೀನಿ, ಕೊಡ್ತೀನಿ.” ಅವನು ಎರಡು ಹೆಜ್ಜೆ ಹಿಂದೆ ಸರಿದ. ಕೀಲಿಯನ್ನು ಮುಷ್ಟಿಯೊಳಗೆ ಹಾಕಿ, ಮುಷ್ಟಿಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಮುಂದಿನ ಸಾಲಿಗೂ ಹತ್ತಿಕೊಳ್ಳಲಿ. ಒಂದೂ ಉಳೀಬಾರದು ನೋಡಿ. ನಾನು ಹೇಳಿದ್ದೆಲ್ಲಾ ನಿಜ ಆಗುತ್ತೆ.”

ಹೊಗೆ ಸೂರಿನಿಂದ ಅವರ ತಲೆಯ ತನಕ ಇಳಿದಿತ್ತು. ಕಿಂಡಿಯಾಚೆ ಗೇರೋ ಅವಳ ಹೆಸರು ಹಿಡಿದು ಕೂಗುತ್ತಿದ್ದ.

“ಇನ್ನು ಸ್ವಲ್ಪ ತಾಳ್ಮೆ ಇರಲಿ, ಫ್ರೌ ಲಾರ್ಮಾನ್,” ಎಂದ ಓಸ್ಟ್‌ಕಾಂಪ್.